ಸೀಸೆಯೊಳಗಿನ ಕಾಶಿ

ತಿರುಮಲೇಶನಿಗೆ ಬೇಕಾಗಿದ್ದದ್ದು ಐದೇ ಐದು ದಿನದ ರಜೆ. ಮೈಸೂರಿನಲ್ಲಿ ನಾದಿನಿಯ ಮದುವೆ, ಧಾರೆಗೆ ವಾರವೂ ಉಳಿದಿರಲಿಲ್ಲ. ಎಗ್ಮೋರಿನ ವಿಮಾ ಕಚೇರಿಯ ಮ್ಯಾನೇಜರ್ ಮುರಳೀಧರರಾಯರು ಅವನ ಅರ್ಜಿಯನ್ನು ಎರಡು ಸಲ ಹಿಂದಕ್ಕೆ ತಳ್ಳಿದ್ದರು. "ನೀನು ಹೋದ್ರೆ ಸೆಕ್ಷನ್ ನೋಡ್ಕೊಳ್ಳೋರು ಯಾರಯ್ಯ, ಹೊಸದಾಗಿ ಬಂದಿರೋ ಆ ಕಂಪ್ಯೂಟರಾ?" ಎಂದು ಅವರ ಪ್ರಶ್ನೆ. ಹೆಂಡತಿ ನಾಗಮಣಿಯದು ಪ್ರಶ್ನೆಯಲ್ಲ, ತೀರ್ಪು: "ರಾಯರ ಸಹಿ ಇಲ್ದೆ ಇವತ್ತು ಮನೆಗೆ ಬರಬೇಡಿ."

ರಾಯರಿಗೆ ಎರಡು ಗೀಳು. ಒಂದು ಟಾನಿಕ್, ಮೂರು ಹೊತ್ತಿಗೆ ಮೂರು ಬಗೆ ಕುಡಿಯುತ್ತಿದ್ದರು. ಇನ್ನೊಂದು ಕಾಶಿ. ಹತ್ತು ವರ್ಷದಿಂದ ಹೊರಡುತ್ತಲೇ ಇದ್ದರು, ಆದರೆ ಮೊದಲು ರಾಮೇಶ್ವರ ಆಗಬೇಕು ಎನ್ನುತ್ತಾ ಎಗ್ಮೋರ್ ದಾಟಿರಲಿಲ್ಲ.

ಟಿ. ನಗರದ ಫುಟ್‌ಪಾತಿನಲ್ಲಿ ಮುದುಕನೊಬ್ಬ ಗಾಜಿನ ಸೀಸೆಗೆ ಬಣ್ಣದ ಮರಳು ಸುರಿದು, ಉದ್ದನೆಯ ತಂತಿಯಿಂದ ತಿವಿದು ಒಂಟೆ, ನವಿಲು ಮೂಡಿಸುತ್ತಿದ್ದ. ತಿರುಮಲೇಶ ಬೆಳಿಗ್ಗೆಯೇ ಹೋಗಿ ಕುಕ್ಕರಗಾಲಲ್ಲಿ ಕೂತು ಕಾಶಿಯನ್ನೇ ಮಾಡಿಸಿದ: ನೀಲಿ ಗಂಗೆ, ಹಳದಿ ಮೆಟ್ಟಿಲು, ಕೆಂಪು ಗೋಪುರ, ಪುಟ್ಟದೊಂದು ದೋಣಿ. ಇವನ ಅವಸರದಲ್ಲಿ ಮುದುಕನಿಗೆ ಮರಳನ್ನು ಬಾಯಿತನಕ ಅದುಮಿ ತುಂಬಲು ಆಗಲಿಲ್ಲ. ಅಲುಗಾಡಿಸಿದರೆ ಕಾಶಿ ಮುಳುಗುತ್ತದೆ ಎಂದು ಎಚ್ಚರಿಸಿ, ಪೇಪರಿನಲ್ಲಿ ಸುತ್ತಿಕೊಟ್ಟ.

ಬಸ್ಸಿನಲ್ಲಿ ಒಂದು ಕೈಗೆ ಕಂಬಿ, ಇನ್ನೊಂದು ಕೈಗೆ ಕಾಶಿ. ಕಂಡಕ್ಟರ್ ಬಂದಾಗ ಮೂರನೆಯ ಕೈಯಿಲ್ಲದೆ ಒದ್ದಾಡಿದ. ಸೀಟು ಹಿಡಿದು ಕೂತಿದ್ದ ಪಕ್ಕದ ಮನೆಯ ಅಮ್ಮಣ್ಣಿ ಸೀಸೆ ಕಸಿದು ಮಡಿಲಲ್ಲಿಟ್ಟುಕೊಂಡರು. ಏನು, ಯಾರಿಗೆ, ಯಾಕೆ ಎಂದೆಲ್ಲ ಕೇಳಿ ತಿಳಿದು ಇಡೀ ಬಸ್ಸಿಗೆ ತಮಿಳಿನಲ್ಲಿ ವರದಿ ಒಪ್ಪಿಸಿದರು. "ಮೆದುವಾ ಪೋಪ್ಪಾ, ಮಡಿಯಿಲೆ ಕಾಶಿ ಇರುಕ್ಕು," ಮೆಲ್ಲಗೆ ಹೋಗಪ್ಪಾ, ಮಡಿಲಲ್ಲಿ ಕಾಶಿ ಇದೆ, ಎಂದು ಡ್ರೈವರಿಗೂ ಹೇಳಿಕಳಿಸಿದರು. ಕಾಶಿದರ್ಶನಕ್ಕೆ ನಾಲ್ಕಾರು ಕೈ ಒಟ್ಟಿಗೆ ಚಾಚಿದವು. ತಿರುಮಲೇಶ ಸೀಸೆ ಕಿತ್ತುಕೊಂಡು, ಎರಡು ಸ್ಟಾಪು ಮೊದಲೇ ಇಳಿದು, ಎಣ್ಣೆ ತುಂಬಿದ ಬಟ್ಟಲು ಹಿಡಿದವನ ಹಾಗೆ ಬಿಸಿಲಲ್ಲಿ ನಡೆದ.

ಕಚೇರಿಯಲ್ಲಿ ಸಹೋದ್ಯೋಗಿ ಚಂದು ಪೇಪರು ಸರಿಸಿ ಇಣುಕಿ ನೋಡಿ, ರಜೆ ಸಿಕ್ಕಿದ ಹಾಗೇ ಎಂದ. ದೋಣಿ ಕೂಡ ಅಲುಗಿರಲಿಲ್ಲ. ತಮಾಷೆ ನೋಡಲು ಅವನೂ ಹಿಂದೆಯೇ ರಾಯರ ಕೋಣೆಗೆ ಬಂದ.

ತಿರುಮಲೇಶ ಎರಡೂ ಕೈಯಿಂದ ಉಡುಗೊರೆ ಒಪ್ಪಿಸಿದ. ರಾಯರು ಫೈಲು ನೋಡುತ್ತಲೇ ತೆಗೆದುಕೊಂಡರು. ಸೀಸೆ ಸಿಕ್ಕರೆ ಆ ಕೈಗೆ ಗೊತ್ತಿದ್ದದ್ದು ಒಂದೇ ಕೆಲಸ. ಪೇಪರು ಬಿಚ್ಚುವ ಮೊದಲೇ ಏಳೆಂಟು ಸಲ ಚೆನ್ನಾಗಿ ಕುಲುಕಿದರು.

ಬಿಚ್ಚಿದಾಗ ಗಂಗೆಯೂ ಇಲ್ಲ, ಗೋಪುರವೂ ಇಲ್ಲ. ಬರೀ ಬೂದುಬಣ್ಣದ ಮರಳು. ಚಂದು ಮೆಲ್ಲಗೆ ಹೊರಗೆ ಜಾರಿದ. ತಿರುಮಲೇಶನಿಗೆ ಅಳುವೇ ಬಂತು. ಆದರೆ ಕಣ್ಣಲ್ಲಿ ನೀರು ತುಂಬಿಕೊಂಡದ್ದು ರಾಯರಿಗೆ. ಸೀಸೆಯನ್ನು ಕಣ್ಣಿಗೊತ್ತಿಕೊಂಡರು.

"ರಾಮೇಶ್ವರದ ಮರಳು ಅಲ್ವೇನಯ್ಯ? ಇದನ್ನ ಗಂಗೇಲಿ ಬಿಟ್ರೇನೇ ಕಾಶಿಯಾತ್ರೆ ಪೂರ್ತಿ ಆಗೋದು. ಬೇರೆಯವರು ತಂದುಕೊಟ್ರೂ ನಡೆಯತ್ತೆ ಅಂದಿದ್ರು ಶಾಸ್ತ್ರಿಗಳು. ತರೋರೇ ಇರ್ಲಿಲ್ಲ."

ಕುಲುಕಿದ್ದು ನೀವೇ ಎಂದು ಹೇಳುವ ಧೈರ್ಯ ಯಾರಿಗಿದೆ? ತಿರುಮಲೇಶ ತಲೆಯಾಡಿಸಿ, ಇದೇ ಸಮಯವೆಂದು ರಜೆ ಅರ್ಜಿಯನ್ನು ಮುಂದಕ್ಕೆ ಸರಿಸಿದ. ರಾಯರು ಕಣ್ಣೊರೆಸಿಕೊಂಡು, ಕೈಗೆ ಸಿಕ್ಕ ಆ ಹಾಳೆಯನ್ನು ಮಗುಚಿ, ಬರೆಯತೊಡಗಿದರು.

"ನಾಡಿದ್ದೇ ಹೊರಡ್ತೀನಿ, ಹದಿನೈದು ದಿನ. ನಾನು ಬರೋವರೆಗೂ ಈ ಕುರ್ಚಿ ನಿಂದು. ಇಷ್ಟು ಭಕ್ತಿ ಇರೋನನ್ನ ಬಿಟ್ಟು ಇನ್ಯಾರಿಗೆ ಒಪ್ಪಿಸ್ಲಿ?"

ಸಂಜೆ ಬಾಗಿಲು ತೆಗೆದ ನಾಗಮಣಿ, ಸಹಿ ಆಯಿತೇ ಎಂದು ಕೇಳಿದಳು. ಆಗಿತ್ತು, ಅರ್ಜಿಯ ಹಿಂಬದಿಯಲ್ಲಿ.