ಸುಮ್ಮನೆ ನಡೆಯಲಾರದ ಮಾವ

ನನ್ನ ಸೋದರಮಾವನಿಗೆ ಹೃದಯವೊಂದಿದೆ ಎಂಬುದು ಅವರಿಗೆ ಗೊತ್ತಾದದ್ದೇ ಅರವತ್ಮೂರನೇ ವಯಸ್ಸಿನಲ್ಲಿ! ಅದಕ್ಕೆ ಮುಂಚೆ ನಮಗೂ ಆ ಬಗ್ಗೆ ಖಚಿತ ಮಾಹಿತಿ ಇರಲಿಲ್ಲ ಬಿಡಿ. ಮದುವೆ ಮನೆಯಲ್ಲಿ ಪಾಯಸಕ್ಕೆ ಬೆಲ್ಲ ಸಾಲದು ಎಂದು ಹೆಣ್ಣಿನ ಅಪ್ಪನ ಮುಖದ ಮೇಲೇ ಹೇಳಿದವರು ಅವರು. ನನಗೆ ಟೀಚರ್ ಕೆಲಸ ಸಿಕ್ಕ ದಿನ "ಪಾಪ, ಆ ಮಕ್ಕಳ ಗತಿ ಏನು?" ಎಂದು ಮರುಗಿದವರೂ ಅವರೇ. ಇಂಥವರ ಎದೆಯೊಳಗೆ ಏನಿದೆ ಎಂದು ಯಾರು ತಾನೇ ಇಣುಕಲು ಹೋಗುತ್ತಾರೆ?

ಕಳೆದ ಮಳೆಗಾಲದಲ್ಲಿ ಮಾವನಿಗೆ ಫ್ಲೂ ಬಂತು. ಆಲೂರು ತಾಲ್ಲೂಕಿನ ಮಗ್ಗೆಯ ಹತ್ತಿರ ಅವರದೊಂದು ಮೂರೆಕರೆ ಕಾಫಿ ತೋಟ. ಜ್ವರದಲ್ಲೇ ಅಲ್ಲಿ ನೆನೆದುಕೊಂಡು ಓಡಾಡಿದರು. "ಶೀತ ಕಣೇ, ಶುಂಠಿ ಕಷಾಯಕ್ಕೆ ಹೋಗ್ತದೆ" ಎಂದು ಅತ್ತೆಗೆ ಹೇಳಿದರು. ಶೀತ ಹೋಗಲಿಲ್ಲ, ಮಾವನೇ ಹೋದರು, ಆಂಬುಲೆನ್ಸಿನಲ್ಲಿ, ಹಾಸನಕ್ಕೆ! ಹನ್ನೊಂದು ದಿನ ಆಕ್ಸಿಜನ್ ಹಾಕಿದರು. ಹನ್ನೆರಡನೆಯ ದಿನ ಆಸ್ಪತ್ರೆಯ ಇಡ್ಲಿಯನ್ನು ಗೋಡೆಗೆ ಹೊಡೆದರೆ ಗೋಡೆಯೇ ಬೀಳುತ್ತದೆ ಎಂದು ಅವರು ಕೂಗಾಡಿದಾಗ, ಸದ್ಯ ಬದುಕಿದರು ಎಂದು ಅತ್ತೆ ಇದ್ದಲ್ಲೇ ಕೈಮುಗಿದರು.

ಮನೆಗೆ ಕಳಿಸುವ ದಿನ ಡಾಕ್ಟರು ಕೂರಿಸಿಕೊಂಡು ಹೇಳಿದರು: "ವೈರಸ್ಸು ನಿಮ್ಮ ಹೃದಯಕ್ಕೂ ಪೆಟ್ಟು ಕೊಟ್ಟಿದೆ. ಜ್ವರ ಬಿಟ್ಟರೂ ಅದು ಸುಧಾರಿಸೋಕೆ ತಿಂಗಳುಗಟ್ಟಲೆ ಬೇಕು. ಮಾತ್ರೆ ಬಿಡಬೇಡಿ, ಮೂರು ತಿಂಗಳಿಗೊಮ್ಮೆ ಬಂದು ತೋರಿಸಿ. ನಡೆಯುವಾಗ ಏದುಸಿರು ಬಂತೋ, ಅವತ್ತೇ ಬನ್ನಿ."

"ಕೆಮ್ಮಿದ್ದು ಶ್ವಾಸಕೋಶ ಸಾರ್. ಹೃದಯ ಏನ್ ತಪ್ ಮಾಡೈತೆ?"

"ಎರಡೂ ಅಕ್ಕಪಕ್ಕದ ಮನೆಯವಲ್ವಾ ಯಜಮಾನ್ರೇ? ಮೆಲ್ಲಗೆ ಶುರು ಮಾಡಿ, ದಿನಾ ಅರ್ಧ ಗಂಟೆ ನಡೀರಿ."

"ಎಲ್ಲಿಗೆ?"

"ಎಲ್ಲಿಗೂ ಇಲ್ಲ. ಸುಮ್ನೆ."

ಮಾವ ನಿಜವಾಗಿ ಗಾಬರಿಯಾದದ್ದು ಆಗಲೇ. ಸುಮ್ನೆ ನಡೆಯುವುದೇ? ನಮ್ಮ ಕಡೆ ದಾರಿಯಲ್ಲಿ ಎದುರಾದವರು ಕೇಳುವ ಮೊದಲ ಮಾತೇ "ಎಲ್ಲಿಗ್ ಹೊಂಟ್ರಿ?" ಅದಕ್ಕೊಂದು ಉತ್ತರವಿಲ್ಲದೆ ಮರ್ಯಾದಸ್ಥರು ಮನೆ ಬಿಡುವುದುಂಟೇ? ಮೊದಲ ದಿನ ಮಾವ ಪ್ರಾಮಾಣಿಕವಾಗಿ "ಎಲ್ಲಿಗೂ ಇಲ್ಲ" ಎಂದರು. ಸಂಜೆಯೊಳಗೆ ಗಂಡ ಹೆಂಡತಿಗೆ ಜಗಳವಂತೆ ಎಂದು ಊರೆಲ್ಲ ಸುದ್ದಿ! ಮರುದಿನ ಕೆಲಸಕ್ಕೆ ಹೋಗುವವರ ಹಾಗೆ ಕಾಣಲೆಂದು ಕೈಯಲ್ಲೊಂದು ಕತ್ತಿ ಹಿಡಿದು ಹೊರಟರು. ಹಿಂದಿನ ದಿನದ ಸುದ್ದಿ ಕೇಳಿದ್ದ ಜನ ಕತ್ತಿ ನೋಡಿ ಓಡಿ ಬಂದು ಅತ್ತೆಯನ್ನು ವಿಚಾರಿಸಿಕೊಂಡರು. ಮೂರನೆಯ ದಿನದಿಂದ ಹಾಲಿನ ಕ್ಯಾನು ಹಿಡಿದರು. ಎಲ್ಲರಿಗೂ ಸಮಾಧಾನವಾಯಿತು. ಮಾವನ ಮನೆಯ ಹಸು ಮಾರಿ ಎರಡು ವರ್ಷವಾಗಿದೆ ಎಂಬುದು ಯಾರಿಗೂ ನೆನಪಾಗಲಿಲ್ಲ.

ಆದರೆ ನಡೆಯಲು ಬಿಡಬೇಕಲ್ಲ! ಕಾಯಿಲೆಯಿಂದ ಎದ್ದ ಮನುಷ್ಯ ಕ್ಯಾನು ಹಿಡಿದು ಹೋಗುತ್ತಿದ್ದರೆ ಯಾರು ಸುಮ್ಮನಿರುತ್ತಾರೆ? ಬೈಕಿನವರು, ಜೀಪಿನವರು, ಆಟೋದವರು ಎಲ್ಲರೂ ನಿಲ್ಲಿಸಿ "ಹತ್ತಿ ಗೌಡ್ರೆ" ಎನ್ನುವವರೇ. ಬೇಡ ಎಂದರೆ ಅವರಿಗೆ ಬೇಜಾರು. ಒಂದು ದಿನ ಮಾವ ನಡೆದದ್ದು ಇಪ್ಪತ್ತು ಹೆಜ್ಜೆ, ತಲುಪಿದ್ದು ಆಲೂರು! ಅಲ್ಲಿ ಹತ್ತಿಸಿಕೊಂಡವರ ಜೊತೆ ಎರಡು ಬೋಂಡ, ಒಂದು ಕಾಫಿ ಮುಗಿಸಿ ಬಸ್ಸಿನಲ್ಲಿ ವಾಪಸ್ಸು. ಅತ್ತೆ ತರಾಟೆಗೆ ತೆಗೆದುಕೊಂಡರೆ, "ಬಸ್ಸಲ್ಲಿ ಸೀಟಿಲ್ದೆ ಅರ್ಧ ಗಂಟೆ ನಿಂತ್ಕಂಡೇ ಬಂದೀನಿ ಕಣೇ, ಅದು ಲೆಕ್ಕಕ್ಕಿಲ್ವಾ?" ಎಂದು ಅವರನ್ನೇ ಕೇಳಿದರು.

ತಪಾಸಣೆಯದು ಇನ್ನೊಂದು ಕಥೆ. ಮೊದಲ ಸಲ ಹೋಗಿಬಂದರು. ಎರಡನೆಯ ಸಲ "ಜ್ವರ ಬಿಟ್ಟು ಆರ್ ತಿಂಗ್ಳಾಯ್ತು. ಹೋದ್ ಜ್ವರಕ್ಕೆ ಯಾರಾದ್ರೂ ಡಾಕ್ಟ್ರ ತಾವ ಹೋಗ್ತಾರಾ?" ಎಂದು ತೋಟಕ್ಕೆ ಹೋಗಿ ಕೂತುಬಿಟ್ಟರು. ಅತ್ತೆ ಅತ್ತರು, ಬೈದರು, ಒಂದು ದಿನ ಊಟವನ್ನೂ ಬಿಟ್ಟರು. ಮಾವ ಜಗ್ಗಲಿಲ್ಲ.

ಬೇಸಿಗೆ ರಜೆಗೆ ನಾನು ಹೋದಾಗ ಕಾವಲಿನ ಕೆಲಸ ನನ್ನ ಪಾಲಿಗೆ ಬಂತು. "ಜೊತೇಲಿ ನಡಿ. ಯಾವ ಗಾಡಿಗೂ ಹತ್ತಿಸ್ಬೇಡ" ಎಂದು ಅತ್ತೆಯ ಆಜ್ಞೆ. ಹೊರಟೆವು. ನೂರು ಹೆಜ್ಜೆ ಹೋಗುವಷ್ಟರಲ್ಲಿ ಮಾವ ನಿಂತರು. "ಬೇಲಿ ಹಿಂಗಾ ಕಟ್ಟೋದು? ದನ ಅಲ್ಲ, ಬಸ್ಸೇ ನುಗ್ತದೆ." ಮತ್ತಷ್ಟು ದೂರ ಹೋಗಿ ಮತ್ತೆ ನಿಂತರು. "ನೆರಳಿನ ಮರದ ಕೊಂಬೆ ಕಡದೇ ಇಲ್ಲ ನೋಡು, ಕಾಫಿ ಕಾಯಿ ಎಲ್ಲಿಂದ ಹಿಡೀಬೇಕು?" ಆಮೇಲೆ ಯಾರದೋ ಮೆಣಸಿನ ಬಳ್ಳಿ, ಯಾರದೋ ಮನೆಯ ಬಣ್ಣ, ಪಂಚಾಯ್ತಿಯ ನಲ್ಲಿ. ಊರಿನಲ್ಲಿ ಮಾವನ ಕಣ್ಣಿಗೆ ಸರಿಯಾಗಿರುವ ವಸ್ತು ಒಂದೂ ಇಲ್ಲವೇ! ದಿನವೂ ಸಂಜೆ ಅವರ ಮಾತನ್ನು ಅವರದೇ ಧಾಟಿಯಲ್ಲಿ ಆಡಿ ತೋರಿಸಿ ಅತ್ತೆಯನ್ನು ನಗಿಸುತ್ತಿದ್ದೆ. ಮಾವ ಆಸ್ಪತ್ರೆ ಸೇರಿದಾಗಿನಿಂದ ಅತ್ತೆ ಹೀಗೆ ನಕ್ಕಿರಲಿಲ್ಲವಂತೆ.

ನಾಲ್ಕನೆಯ ದಿನ ಏರುದಾರಿಯಲ್ಲಿ ಹೋದೆವು. ಅಲ್ಲಿ ಬೇಲಿಯಿಲ್ಲ, ತೋಟವಿಲ್ಲ, ಮನೆಯಿಲ್ಲ. ಮಾವ ಅರ್ಧ ಏರಿ, ಅಲ್ಲಿದ್ದ ಒಂದೇ ಒಂದು ಕರೆಂಟ್ ಕಂಬದ ಹತ್ತಿರ ನಿಂತರು.

"ಕಂಬ... ವಾಲೈತೆ... ನೋಡು."

ಕಂಬ ನೆಟ್ಟಗೇ ಇತ್ತು. ವಾಲಿದ್ದು ಮಾವ. ಕಂಬವನ್ನು ಎರಡೂ ಕೈಯಲ್ಲಿ ಹಿಡಿದು ಏದುಸಿರು ಬಿಡುತ್ತಿದ್ದರು, ಬೆಳಗಿನ ತಂಪಿನಲ್ಲೂ ಹಣೆಯೆಲ್ಲ ಬೆವರು. ಬೇಲಿಯ ಹತ್ತಿರ, ಮೆಣಸಿನ ಬಳ್ಳಿಯ ಹತ್ತಿರ, ನಲ್ಲಿಯ ಹತ್ತಿರ ಅವರು ನಿಂತದ್ದೆಲ್ಲ ಉಸಿರು ಹಿಡಿಯಲಿಕ್ಕೆ. ಅದನ್ನೇ ನಾನು ದಿನವೂ ಮಾಡಿ ತೋರಿಸಿ ನಗುತ್ತಿದ್ದೆ. ನನಗೆ ತುಂಬ ನಾಚಿಕೆಯಾಯಿತು.

ಅವರನ್ನು ಮೋರಿಯ ಕಟ್ಟೆಯ ಮೇಲೆ ಕೂರಿಸಿದೆ. "ಎಷ್ಟು ದಿನದಿಂದ ಮಾವ?"

"ಎರಡ್ ತಿಂಗ್ಳಾಗಿರ್ಬೌದು."

"ಡಾಕ್ಟ್ರು ಅವತ್ತೇ ಬನ್ನಿ ಅಂದಿರಲಿಲ್ವಾ? ಯಾಕೆ ಹೇಳಲಿಲ್ಲ?"

ಮಾವ ಕೆಳಗಿನ ರಸ್ತೆಯನ್ನೇ ನೋಡುತ್ತಾ ಹೇಳಿದರು: "ಪಕ್ಕದ್ ಬೆಡ್ಡಲ್ಲಿ ಒಬ್ಬ ಇದ್ದ. ಅವನಿಗೂ ಇದೇ ಜ್ವರ. ಇಬ್ರೂ ಒಂದೇ ದಿನ ಮನೆಗೆ ಬಂದ್ವಿ. ವಾರಕ್ಕೊಂದ್ಸಲ ಫೋನ್ ಮಾಡೋನು. ಜ್ವರದಲ್ಲಿ ಉಳ್ಕಂಡೋನು ಆರ್ ತಿಂಗ್ಳಾದ್ಮೇಲೆ ಹೃದಯ ನಿಂತು ಹೋಗ್ಬುಟ್ಟ. ಆಸ್ಪತ್ರೆಗೆ ಹೋದ್ರೆ ನಂಗೂ ಅದೇ ಹೇಳ್ತಾರೆ ಅಂತ... ಭಯ ಕಣೇ. ನಿಮ್ಮತ್ತೆ ತಾವ ಹೆಂಗ್ ಹೇಳ್ಲಿ?"

ಮಾವನ ಬಾಯಿಂದ ಭಯ ಎಂಬ ಮಾತು ನಾನು ಕೇಳಿದ್ದು ಅದೇ ಮೊದಲು. "ಅದಕ್ಕೇ ಮಾವ ಹೋಗಬೇಕಾದ್ದು. ಈಗಲೇ ಹೋಗೋಣ, ನಾನೂ ಬರ್ತೀನಿ" ಎಂದೆ. ಯಾವುದಕ್ಕೂ ಒಂದು ಕೊಂಕು ತೆಗೆಯದೆ ಬಿಡದ ಮನುಷ್ಯ, ಮಕ್ಕಳ ಹಾಗೆ ಹೂಂ ಎಂದು ತಲೆಯಾಡಿಸಿದರು. ಮನೆಗೆ ಫೋನ್ ಮಾಡಿದೆ. ಅತ್ತೆ ಆಟೋ ಮಾಡಿಕೊಂಡು ಹೊರಟರು.

ಕಾಯುತ್ತಾ ಕೂತಿದ್ದಾಗ ಮಾವ ನನ್ನ ಕೈಯನ್ನು ಎಳೆದು ತಮ್ಮ ಎದೆಯ ಮೇಲೆ ಇಟ್ಟುಕೊಂಡರು.

"ನೋಡು, ಓಡ್ತಾ ಐತಾ?"

ಓಡುತ್ತಿತ್ತು, ಅಂಗಿಯ ಕೆಳಗೆ, ಸ್ವಲ್ಪ ಆತುರದಲ್ಲಿ.

"ಓಡ್ತಿದೆ ಮಾವ."

"ಹಂಗಾರೆ ಕೈ ತೆಗೀಬೇಡ" ಎಂದರು. "ನಿಮ್ಮತ್ತೆ ಬರೋಗಂಟ ಹಿಂಗೇ ಇಟ್ಕಂಡಿರು."