ಆದಿತ್ಯವಾರದ ನೆಂಟರು

ನಮ್ಮ ಮನೆಗೆ ಬಂದ ನೆಂಟರ ಪೈಕಿ ಮರ್ಯಾದೆಯ ಗಂಧಗಾಳಿಯೂ ಇಲ್ಲದವರು ಯಾರೆಂದು ನಮ್ಮ ಒಡಹುಟ್ಟಿದವರಲ್ಲಿ ಯಾರನ್ನೇ ಕೇಳಿ, ಒಂದೇ ಉತ್ತರ ಸಿಗುತ್ತದೆ: ನಮ್ಮ ಅತ್ತೆ! ಕಾಲು ತೊಳೆಯದೆ ಜಗಲಿ ಹತ್ತುವುದು, ಬಾಯಾರಿಕೆಗೆ ಕೊಟ್ಟ ಬೆಲ್ಲದ ತುಂಡನ್ನು ತಿರುಗಿಸಿ ನೋಡಿ "ಇದೆಂತ, ಇರುವೆಗೆ ಇಟ್ಟದ್ದಾ?" ಎನ್ನುವುದು, ಚಕ್ಕುಲಿಯನ್ನು ತಿಂದದ್ದು ಸಾಲದೆ ಕೋಟಿನ ಕಿಸೆಗೂ ತುಂಬುವುದು... ಒಂದೇ ಎರಡೇ? ವಿಚಿತ್ರವೆಂದರೆ ಅತ್ತೆ ನೆಂಟರೇ ಅಲ್ಲ! ನಾವೆಲ್ಲ ಹುಟ್ಟುವ ಮೊದಲಿನಿಂದಲೂ ಸುಳ್ಯದ ಹತ್ತಿರದ ಆ ಮನೆಯಲ್ಲೇ ಇದ್ದವರು, ಅಪ್ಪನ ಅಕ್ಕ. ಮದುವೆಯಾದ ವರ್ಷವೇ ಗಂಡನನ್ನು ಕಳೆದುಕೊಂಡು ತವರಿಗೆ ಬಂದವರು ಆಮೇಲೆ ಅಂಗಳದ ತುದಿಯಲ್ಲಿ ಬೇಲಿಗೆ ಬಾಗಿಲಾಗಿದ್ದ ದಣಪೆ ದಾಟಿದ್ದು ಆದಿತ್ಯವಾರದ ಆಟಕ್ಕೆ ಮಾತ್ರ.

ಐವತ್ತರ ದಶಕ ಮುಗಿಯುತ್ತಾ ಬಂದಿದ್ದ ಕಾಲ. ಮಕ್ಕಳಿಗೆ ನಡತೆ ಕಲಿಸಲು ಅಪ್ಪನ ಬಳಿ ಒಂದು ನಾಗರಬೆತ್ತ ಇತ್ತು. ಅತ್ತೆಯ ಬಳಿ ಇದ್ದದ್ದು ತೀರಿಹೋದ ಅಜ್ಜನ ಕರಿ ಕೋಟು, ಅಜ್ಜನದೇ ಕೊಡೆ, ಮತ್ತು ತೆಂಗಿನ ನಾರಿನಿಂದ ಸ್ವತಃ ಮಾಡಿಕೊಂಡ ಒಂದು ಮೀಸೆ. ಆದಿತ್ಯವಾರ ಮಧ್ಯಾಹ್ನದ ಊಟ ಮುಗಿದದ್ದೇ ಅತ್ತೆ ದನದ ಹಟ್ಟಿಯ ಹಿಂದೆ ಮಾಯವಾಗುತ್ತಿದ್ದರು. ಸ್ವಲ್ಪ ಹೊತ್ತಿಗೆ ಸೀರೆಯ ಮೇಲೆ ಕೋಟು ಹಾಕಿದ ಮೀಸೆಯ ಯಜಮಾನರೊಬ್ಬರು ಏದುಸಿರು ಬಿಡುತ್ತಾ ದಣಪೆ ಸರಿಸಿ ಬರುತ್ತಿದ್ದರು.

"ಜಾಲ್ಸೂರಿನಿಂದ ಬಂದದ್ದು ಮಾರಾಯ್ರೆ! ಬಸ್ಸಿನಲ್ಲಿ ಎಂತ ರಶ್ಶು! ಕೊಡೆ ಒಂದು ಕಡೆ, ನಾನು ಒಂದು ಕಡೆ!"

ಅತ್ತೆ ಜನ್ಮದಲ್ಲಿ ಬಸ್ಸು ಹತ್ತಿದವರಲ್ಲ. ಹಟ್ಟಿಯಿಂದ ಜಗಲಿಗೆ ಬರುವಷ್ಟರಲ್ಲಿ ಕಂಡಕ್ಟರನೊಂದಿಗೆ ಜಗಳ, ಪಕ್ಕದವನ ಕೋಳಿ ಕೂಗಿದ್ದು, ಟಯರು ಒಡೆದದ್ದು ಎಲ್ಲ ಆಗಿರುತ್ತಿತ್ತು.

ಆಟದ ನಿಯಮ ಸುಲಭ. ನಾವು ಮನೆಯವರು, ಅವರು ನೆಂಟರು. ನೆಂಟರು ತಪ್ಪು ಮಾಡಿದ ಕೂಡಲೇ ನಾವು "ತಪ್ಪು! ಹೊರಗೆ ಹೋಗಿ ಪುನಃ ಬನ್ನಿ!" ಎಂದು ಕೂಗಬೇಕು. ಅವರು ಮರುಮಾತಾಡದೆ ದಣಪೆಯವರೆಗೆ ಹೋಗಿ, ಜಾಲ್ಸೂರು ಬಸ್ಸಿನ ಕಥೆಯಿಂದಲೇ ಮತ್ತೆ ಶುರು ಮಾಡಬೇಕು. ಇದರ ಒಳಗುಟ್ಟು ನಮಗೆ ತಿಳಿಯಲು ವರ್ಷಗಳೇ ಬೇಕಾದವು. ಆ ವಾರ ಮಕ್ಕಳಲ್ಲಿ ಯಾರು ಏನು ಕಿತಾಪತಿ ಮಾಡಿದ್ದರೋ ಆದಿತ್ಯವಾರ ನೆಂಟರೂ ಅದನ್ನೇ ಮಾಡುತ್ತಿದ್ದರು! ನಮ್ಮಲ್ಲಿ ಕಿರಿಯಳಾದ ಪುಟ್ಟಿ ಅಮ್ಮನ ಸೆರಗಿಗೆ ಮೂಗು ಒರೆಸಿದ ವಾರ ಜಾಲ್ಸೂರಿನ ಯಜಮಾನರು ಪುಟ್ಟಿಯ ಹೊಸ ಲಂಗಕ್ಕೇ ಮೀಸೆ ಸಮೇತ ಮೂಗು ಒರೆಸಿದರು. "ತಪ್ಪು!" ಎಂದು ಪುಟ್ಟಿ ಕೂಗಿದ ಕೂಗಿಗೆ ಹಟ್ಟಿಯ ದನಗಳೆಲ್ಲ ಎದ್ದುನಿಂತವು. ಅಲ್ಲಿಂದ ಮುಂದೆ ಅಮ್ಮನ ಸೆರಗು ಶುಭ್ರವಾಗಿ ಉಳಿಯಿತು.

ಅಪ್ಪನಿಗೆ ಇದು ಒಂದು ಚೂರೂ ಹಿಡಿಸುತ್ತಿರಲಿಲ್ಲ.

"ಅಕ್ಕ, ನೀನು ಮಕ್ಕಳಿಗೆ ಮಂಗಾಟ ಕಲಿಸುದಾ?"

"ಮಂಗಾಟ ಅವಕ್ಕೆ ಮೊದಲೇ ಗೊತ್ತುಂಟು ಮಾರಾಯ. ಅದು ನೋಡ್ಲಿಕ್ಕೆ ಹೇಗೆ ಕಾಣ್ತದೆ ಅಂತ ನಾನು ತೋರಿಸುದು, ಅಷ್ಟೆ."

ಒಂದು ಸಲ ಮೀಸೆ ನಿಲ್ಲುವುದಿಲ್ಲವೆಂದು ಅತ್ತೆ ಅದನ್ನು ಹಲಸಿನ ಮೇಣದಲ್ಲಿ ಅಂಟಿಸಿಕೊಂಡರು. ನಿಂತಿತು ನೋಡಿ! ಆಟ ಮುಗಿದರೂ ನಿಂತಿತು, ದೀಪ ಹಚ್ಚಿದರೂ ನಿಂತಿತು. ಮೇಣ ಬಿಡಿಸೋಣವೆಂದರೆ ಮನೆಯಲ್ಲಿ ತೆಂಗಿನೆಣ್ಣೆ ಮುಗಿದಿತ್ತು. ಅತ್ತೆ ಮೀಸೆಯಲ್ಲೇ ಎಲ್ಲರಿಗೂ ಸಾರು ಬಡಿಸಿದರು. ಅಪ್ಪ ತಲೆಯೆತ್ತದೆ ಉಂಡರು. ಅವರ ಭುಜ ಮಾತ್ರ ಕುಲುಕುತ್ತಿತ್ತು.

ನಮಗಿದ್ದ ಒಂದೇ ದೂರೆಂದರೆ ನೆಂಟರ ಪಾತ್ರವನ್ನು ಅತ್ತೆ ಯಾರಿಗೂ ಬಿಟ್ಟುಕೊಡುತ್ತಿರಲಿಲ್ಲ. ಕೆಟ್ಟ ನೆಂಟರಾಗಲು ಯಾರಿಗೆ ತಾನೇ ಆಸೆಯಿರುವುದಿಲ್ಲ? ಒಮ್ಮೆ ನನ್ನ ತಮ್ಮ, ಕೋಟನ್ನು ಹಿಡಿದೆಳೆದು ರಂಪ ಮಾಡಿದ. ಆಗ ಅತ್ತೆ, ಎಂದೂ ಮಕ್ಕಳ ಮುಂದೆ ಸೋಲದ ಅತ್ತೆ, ಕೋಟನ್ನು ಎದೆಗೆ ಅವಚಿಕೊಂಡು ಮೆಲ್ಲಗೆ ಹೇಳಿದರು.

"ನೀವೆಲ್ಲ ಬೇಕಾದಷ್ಟು ಮನೆಗೆ ನೆಂಟರಾಗಿ ಹೋಗ್ತೀರಿ ಮಕ್ಕಳೇ. ಇದೊಂದು ನನಗೆ ಇರ್ಲಿ."

ಅದು ನಿಜವೇ. ಮದುವೆ, ಮುಂಜಿ, ಗೃಹಪ್ರವೇಶ, ಯಾವುದಕ್ಕೇ ಆಗಲಿ ನಾವೆಲ್ಲ ಹೊಸ ಬಟ್ಟೆ ತೊಟ್ಟು ಹೊರಡುವಾಗ ಅತ್ತೆ ದಣಪೆಯ ಒಳಗೇ ನಿಂತು "ದನಕ್ಕೆ ಹುಲ್ಲು ಹಾಕುದು ಯಾರು?" ಎನ್ನುತ್ತಿದ್ದರು. ಗಂಡನಿಲ್ಲದ ಹೆಂಗಸನ್ನು ಶುಭಕಾರ್ಯಕ್ಕೆ ಕರೆಯುವ ರೂಢಿ ಆಗ ಇರಲಿಲ್ಲ. ಯಾರೂ ಕರೆಯದ್ದಕ್ಕೆ ಅತ್ತೆ ಪಾಪದ ದನಗಳ ಹೆಸರು ಹೇಳುತ್ತಿದ್ದರು.

ಹೀಗಿರುವಾಗ ನಮ್ಮ ದೊಡ್ಡಕ್ಕನಿಗೆ ಇಚಿಲಂಪಾಡಿಯಿಂದ ಒಂದು ಸಂಬಂಧದ ಮಾತು ಬಂತು. ಒಳ್ಳೆಯ ಮನೆತನ. ಆದರೆ ಹುಡುಗನ ತಂದೆ ಭಾರೀ ಶಿಸ್ತಿನವರೆಂದು ಸುದ್ದಿ. ಅಂಥವರು ಹೇಳಿ ಕೇಳಿ ಬರುತ್ತಾರೆಯೇ? ಮನೆಯ ರೀತಿನೀತಿ ಹೇಗಿದೆ ನೋಡೋಣವೆಂದು ಒಂದು ದಿನ ಸುದ್ದಿ ಕೊಡದೆ ಹೊರಟುಬಂದರು. ಆ ದಿನ ಆದಿತ್ಯವಾರ, ಹೊತ್ತು ಮಧ್ಯಾಹ್ನ. ಮೈಮೇಲೆ ಕರಿ ಕೋಟು, ಕೈಯಲ್ಲಿ ಕೊಡೆ, ಮುಖದ ಮೇಲೆ ಸೊಂಪಾದ ಮೀಸೆ!

ಅಪ್ಪ ತೋಟದಲ್ಲಿದ್ದರು. ಅಮ್ಮ ಪಾತ್ರೆ ತೊಳೆಯುತ್ತಿದ್ದರು. ಜಗಲಿಯಲ್ಲಿ ನಾವು ಸಜ್ಜಾಗಿ ಕೂತಿದ್ದೆವು. ಪುಟ್ಟಿಗೆ ಅವರು ಅತ್ತೆಯೆಂಬುದರಲ್ಲಿ ಸಂಶಯವೇ ಇರಲಿಲ್ಲ. ನನಗೂ ತಮ್ಮನಿಗೂ ಸ್ವಲ್ಪ ಅನುಮಾನ ಬಂದರೂ, ಆಟಕ್ಕೆ ಅತ್ತೆ ಹೊಸಬರನ್ನು ಸೇರಿಸಿಕೊಂಡಿರಬೇಕು ಎಂದುಕೊಂಡೆವು. ಯಜಮಾನರು ಅಂಗಳದಲ್ಲಿ ಪಿಚಕ್ಕನೆ ಎಲೆಯಡಿಕೆ ಉಗುಳಿ, ಧೂಳು ಕಾಲಲ್ಲೇ ಜಗಲಿ ಹತ್ತಿದರು.

"ತಪ್ಪು! ಹೊರಗೆ ಹೋಗಿ ಪುನಃ ಬನ್ನಿ!"

ಪಾಪ, ಅವರ ಆಯುಷ್ಯದಲ್ಲಿ ಅವರಿಗೆ ಹೀಗೆ ಹೇಳಿದವರಿರಲಿಲ್ಲ. ತಬ್ಬಿಬ್ಬಾಗಿ ದಣಪೆಯವರೆಗೆ ಹೋಗಿಯೇಬಿಟ್ಟರು! ಎರಡನೆಯ ಸಲ ಬಂದು ಬೆಂಚಿನ ಮೇಲೆ ಕಾಲು ಚಾಚಿ "ಏಯ್ ಕೂಸೇ, ನೀರು ತಾ" ಎಂದರು. ಮತ್ತೆ "ತಪ್ಪು!" ಮೂರನೆಯ ಸಲ ಚೆಂಬಿನ ನೀರಲ್ಲಿ ಕಾಲು ತೊಳೆದು, ಮೆಟ್ಟಿಲಲ್ಲಿ ನಿಂತು "ಒಳಗೆ ಬರ್ಬಹುದಾ?" ಎಂದು ಕೇಳಿದರು. ಬೆಲ್ಲ ನೀರು ಕುಡಿದು ಚೆಂಬನ್ನು ಮೆಲ್ಲಗೆ ಕೆಳಗಿಟ್ಟರು. ಪುಟ್ಟಿಗೆ ಸಂತೋಷವೋ ಸಂತೋಷ. ಅವರ ತೊಡೆ ಹತ್ತಿ ಕೂತು, "ಈಗ ಸರಿಯಾಯ್ತು ಅತ್ತೆ! ಇನ್ನು ತೆಗಿ!" ಎಂದವಳೇ ಎರಡೂ ಕೈಯಲ್ಲಿ ಮೀಸೆ ಹಿಡಿದು ಎಳೆದಳು.

ಯಜಮಾನರು ಕಿರುಚಿದ್ದಕ್ಕೆ ಅಪ್ಪ ತೋಟದಿಂದ ಓಡಿಬಂದರು, ಅಮ್ಮ ಒಳಗಿನಿಂದ ಓಡಿಬಂದರು. ಸರಿಯಾಗಿ ಅದೇ ಹೊತ್ತಿಗೆ ಹಟ್ಟಿಯ ಮರೆಯಿಂದ ಇನ್ನೊಂದು ಕರಿ ಕೋಟು, ಇನ್ನೊಂದು ಮೀಸೆ, "ಜಾಲ್ಸೂರಿನಿಂದ ಬಂದದ್ದು ಮಾರಾಯ್ರೆ..." ಎನ್ನುತ್ತಾ ಅಂಗಳಕ್ಕೆ ಇಳಿಯಿತು. ಎರಡು ಮೀಸೆಗಳೂ ಎದುರುಬದುರಾಗಿ ನಿಂತವು.

"ಮಕ್ಕಳಿಗೆ ಇದನ್ನೆಲ್ಲ ಹೇಳಿಕೊಟ್ಟದ್ದು ಯಾರು?" ಎಂದು ಇಚಿಲಂಪಾಡಿಯ ಯಜಮಾನರು ಕೇಳಿದರು. ನಾವೆಲ್ಲ ಹೆಮ್ಮೆಯಿಂದ ಅತ್ತೆಯ ಕಡೆಗೆ ಕೈ ತೋರಿಸಿದೆವು. ಅತ್ತೆ ಕೊಡೆಯನ್ನು ಅಲ್ಲೇ ಬಿಟ್ಟು ಅಡಿಗೆಮನೆಗೆ ಓಡಿದರು. ಯಜಮಾನರು ಮೂಗಿನ ಕೆಳಗೆ ಸವರಿಕೊಳ್ಳುತ್ತಾ "ಬರ್ತೇನೆ" ಎಂದಷ್ಟೇ ಹೇಳಿ ಹೊರಟುಹೋದರು.

ಸಂಬಂಧ ಮುರಿಯಿತೆಂದು ದೊಡ್ಡಕ್ಕ ಬಾಗಿಲು ಹಾಕಿಕೊಂಡು ಅತ್ತಳು. ಅಪ್ಪ ಬೆತ್ತ ಹಿಡಿಯಲಿಲ್ಲ. ಅದಕ್ಕಿಂತ ಕೆಟ್ಟದ್ದನ್ನು ಮಾಡಿದರು. ಅಜ್ಜನ ಕೋಟನ್ನು ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿದರು.

"ಇನ್ನು ಈ ಮನೆಯಲ್ಲಿ ನೆಂಟರಾಟ ಇಲ್ಲ, ಅಕ್ಕ."

ಅತ್ತೆ ಎಣ್ಣೆಯನ್ನೂ ಹಚ್ಚದೆ ಮೀಸೆಯನ್ನು ಕಿತ್ತು ಒಲೆಗೆ ಹಾಕಿದರು. ಮುಂದಿನ ಆದಿತ್ಯವಾರ ಊಟವಾದ ಮೇಲೆ ಅಭ್ಯಾಸಬಲದಿಂದ ದಣಪೆಯವರೆಗೆ ಹೋದರು, ಸ್ವಲ್ಪ ಹೊತ್ತು ನಿಂತರು, ಹಿಂಬಾಗಿಲಿನಿಂದ ಒಳಗೆ ಬಂದು ಅಕ್ಕಿ ಆರಿಸಲು ಕೂತರು. ನಮಗೆ ಅಳು ಬಂತು.

ಕೆಲವು ದಿನ ಕಳೆದು ಸಂಬಂಧದ ಮಾತು ತಂದಿದ್ದ ಭಟ್ಟರು ಬಂದರು. ಬಂದವರೇ ನಗಲು ಶುರು ಮಾಡಿದರು.

"ಆ ಮನೆಯ ಜಗಲಿಯಲ್ಲಿ ಈಗ ಪೀಕದಾನಿ ಉಂಟು ಮಾರಾಯ್ರೆ! ಯಜಮಾನರು ಕಾಲು ತೊಳೆಯದೆ ಒಳಗೆ ಕಾಲಿಡುದಿಲ್ಲ. ಅವರ ಹೆಂಡತಿ ನಿಮಗೆ ಕೈ ಮುಗಿದಿದ್ದಾರೆ. ಮಕ್ಕಳನ್ನು ಹಾಗೆ ಬೆಳೆಸಿದ ಮನೆಯ ಹುಡುಗಿಯೇ ಬೇಕಂತೆ. ಆದರೆ ಒಂದು ಶರ್ತ."

ಶರ್ತ ಎಂದ ಕೂಡಲೇ ಅಪ್ಪನ ಮುಖ ಬಾಡಿತು.

"ನೀವು ಮನೆ ನೋಡ್ಲಿಕ್ಕೆ ಬರುವಾಗ ಆ ಇನ್ನೊಂದು ಮೀಸೆಯವರನ್ನು ಕರ್ಕೊಂಡೇ ಬರ್ಬೇಕಂತೆ."

ಬಾಗಿಲ ಮರೆಯಿಂದ ಅತ್ತೆಯ ಸಣ್ಣ ಧ್ವನಿ ಕೇಳಿತು. "ದನಕ್ಕೆ ಹುಲ್ಲು ಹಾಕುದು ಯಾರು?"

ಅಪ್ಪ ಎದ್ದು ಬಾಗಿಲ ಹತ್ತಿರ ಹೋದರು. "ಆಳಿಗೆ ಹೇಳುವ. ನೀನು ಹೊರಡು ಅಕ್ಕ" ಎಂದರು.

ಬಸ್ಸಿನಲ್ಲಿ ಅತ್ತೆ ಜಗಳವಾಡಲಿಲ್ಲ, ಕಥೆ ಹೇಳಲಿಲ್ಲ. ಪುಟ್ಟಿಯ ಕೈ ಹಿಡಿದು ದಾರಿಯುದ್ದಕ್ಕೂ ಹೊರಗೆ ನೋಡುತ್ತಾ ಕೂತರು. ಇಚಿಲಂಪಾಡಿಯ ಆ ಮನೆಯ ಅಂಗಳದಲ್ಲಿ ನಾವೆಲ್ಲ ಮುಂದೆ ನಡೆದರೂ ಅವರು ಹಿಂದೆಯೇ ಉಳಿದರು. ಯಜಮಾನರು ನಮ್ಮನ್ನು ದಾಟಿ ಅವರ ಬಳಿಗೇ ಹೋದರು. ಕೈಯಲ್ಲಿ ನೀರಿನ ಚೆಂಬಿತ್ತು.

"ಬನ್ನಿ, ಬನ್ನಿ. ಬಸ್ಸಿನಲ್ಲಿ ರಶ್ಶು ಇತ್ತಾ? ಕಾಲು ತೊಳ್ಕೊಳ್ಳಿ."

ಅತ್ತೆ ಕಾಲು ತೊಳೆದರು. ಮೆಟ್ಟಿಲಲ್ಲಿ ನಿಂತು, ಕೂರಿ ಎಂದ ಮೇಲೆಯೇ ಕೂತರು. ಆ ಮನೆಯ ಅಮ್ಮ ಕೊಟ್ಟ ಬೆಲ್ಲವನ್ನು ಎರಡೂ ಕೈಯಲ್ಲಿ ತೆಗೆದುಕೊಂಡು, ನೀರು ಕುಡಿದು, ಸದ್ದಾಗದ ಹಾಗೆ ಚೆಂಬನ್ನು ಕೆಳಗಿಟ್ಟರು. ನಾವು ಕಣ್ಣು ಬಿಟ್ಟುಕೊಂಡು ಕಾದೆವು. ಒಂದೇ ಒಂದು ತಪ್ಪಿಲ್ಲ! ಕೊನೆಗೆ ನಮ್ಮ ಕಡೆಗೆ ತಿರುಗಿದರು. ಕೆನ್ನೆ ಒದ್ದೆಯಾಗಿತ್ತು.

"ಮಕ್ಕಳೇ, ನಾನು ಹೊರಗೆ ಹೋಗಿ ಪುನಃ ಒಮ್ಮೆ ಬರ್ಲಾ?"

ಯಜಮಾನರು ಬರಿದಾದ ಚೆಂಬನ್ನು ಎತ್ತಿಕೊಂಡು, ಮತ್ತೆ ನೀರು ತುಂಬಲು ತಾವೇ ಬಾವಿಯ ಕಡೆಗೆ ನಡೆದರು.