ಕಬುಟೆಯ ಮೊಟ್ಟೆ ತೇಲಲಿಲ್ಲ

ಪಕ್ಕದ ಮನೆಯ ಮಾಕು ನೀರಿಗೆ ಹೋದ ಹೊತ್ತು ನೋಡಿಕೊಂಡು ಕಬುಟೆ ಅವಳ ಕೋಳಿಗೂಡಿಗೆ ಕೈಹಾಕಿ ಮೊಟ್ಟೆಯೊಂದನ್ನು ಎತ್ತಿದ. ಕೇಳಿದ್ದರೆ ಕೊಡುತ್ತಿದ್ದಳು, ಆದರೆ ಯಾಕೆ ಅಂತ ಇಡೀ ಅಡಾ ಊರಿಗೆ ಸಾರಿಬಿಡುತ್ತಿದ್ದಳು. ಮೊಟ್ಟೆ ಕೈಗೆ ಭಾರವಾಗಿಯೇ ಅನ್ನಿಸಿತು. ಕೋಳಿಗೆ ಚೆನ್ನಾಗಿ ತಿನ್ನಿಸುತ್ತಾಳೆ ಎಂದುಕೊಂಡು ಅವನು ಹಿನ್ನೀರಿನ ಕಡೆ ಓಡಿದ.

ಸಂಜೆ ಹಿರಿಯ ಸಾಕಿಟೆ ಹಿನ್ನೀರ ದಂಡೆಯಲ್ಲಿದ್ದ ಕಬುಟೆಯ ಉಪ್ಪಿನ ಪಾತಿ ನೋಡಲು ಬರುವವನಿದ್ದ. ಪಾತಿಯ ನೀರು ಮೊಟ್ಟೆ ತೇಲಿಸುವಷ್ಟು ಉಪ್ಪಾಗಿದ್ದರೆ ಮಗಳು ಕೊರ್ಲೆಯನ್ನು ಕೊಡುವ ಮಾತಾಗಿತ್ತು. ಹೆಣ್ಣಿನ ಮನೆಗೆ ಕೊಡಲೆಂದು ಕಬುಟೆ ಹೋದ ವರ್ಷದ ಉಪ್ಪು ಮೂರು ಮೂಟೆ ಕಟ್ಟಿಟ್ಟಿದ್ದ.

ಮೊಟ್ಟೆಯನ್ನು ನೀರಿಗೆ ಬಿಟ್ಟ. ಅದು ನೆಟ್ಟಗೆ ತಳ ಸೇರಿತು.

ಪಕ್ಕದ ಪಾತಿಯ ನಾರ್ಹ್ ಕರೆಯದೆಯೇ ಬಂದು ಬಗ್ಗಿ ನೋಡಿದ. "ನೀರು ಇನ್ನೂ ಎಳಸು ಕಣೋ. ಉಪ್ಪು ಸಾಲ್ದು."

ತೆಂಕಣದಲ್ಲಿ ಮೋಡ ಕವಿಯುತ್ತಿತ್ತು. ಬಿಸಿಲಿಗೆ ಕಾಯುತ್ತ ಕೂರುವಂತಿರಲಿಲ್ಲ. ಕಬುಟೆ ಚಡಪಡಿಸಿದ, ನಾಲ್ಕು ಸಲ ಪಾತಿ ಸುತ್ತಿದ, ಕೊನೆಗೆ ಗುಡಿಸಲಿಗೆ ಹೋಗಿ ಒಂದು ಮೂಟೆ ಹೊತ್ತು ತಂದು ಸುರಿದ. ಮೊದಲು ಮೊಟ್ಟೆ ತೇಲಲಿ, ಉಡುಗೊರೆ ಆಮೇಲೆ ನೋಡಿಕೊಂಡರಾಯಿತು. ಸೊಂಟ ಬೀಳುವಷ್ಟು ಕದಡಿದ. ಉಪ್ಪು ಒಲ್ಲದ ಮನಸ್ಸಿನಿಂದ ಕರಗಿತು, ಮೊಟ್ಟೆ ಮಿಸುಕಲಿಲ್ಲ. ಎರಡನೆಯದನ್ನೂ ಸುರಿದ. ಅದು ಅರ್ಧಂಬರ್ಧ ಕರಗಿತು. ಮೂರನೆಯದು ಕರಗಲೇ ಇಲ್ಲ, ತಳದಲ್ಲಿ ಹಾಗೇ ಕೂತಿತು.

ಅಷ್ಟರಲ್ಲಿ ದಂಡೆಯ ಮೇಲೆ ಜನ ಸೇರಿ ಆಳಿಗೊಂದು ಬುದ್ಧಿ ಹೇಳುತ್ತಿದ್ದರು. ನಿವೃತ್ತ ಮೇಷ್ಟ್ರು ಲಾವೆರ್ ಬೆರಳದ್ದಿ ನೆಕ್ಕಿ, "ನೀರಿನ ಹೊಟ್ಟೆ ತುಂಬಿದೆಯಪ್ಪಾ, ಇನ್ನು ಒಂದು ಹರಳೂ ಹಿಡಿಯಲ್ಲ" ಎಂದರು.

"ಮತ್ತೆ ಮೊಟ್ಟೆ ಯಾಕೆ ಏಳ್ತಿಲ್ಲ, ಮೇಷ್ಟ್ರೇ?" ಎಂದ ಕಬುಟೆ.

ಮೇಷ್ಟ್ರು ತಲೆ ಕೆರೆದುಕೊಂಡರು. "ಅದರ ಹೊಟ್ಟೆನೂ ತುಂಬಿರಬೇಕು."

ಸಾಕಿಟೆ ಬಂದವನು ಯಾರನ್ನೂ ಕೇಳಲಿಲ್ಲ. ಬೇರೆಯವರ ಮೊಟ್ಟೆ ನಂಬುವ ಆಸಾಮಿ ಅವನಲ್ಲ. ಹೊದ್ದ ಬಟ್ಟೆಯ ಮಡಿಕೆಯಿಂದ ತನ್ನದೇ ಮೊಟ್ಟೆ ತೆಗೆದು ನೀರಿಗೆ ಬಿಟ್ಟ. ಅದು ಬಾತುಕೋಳಿಯ ಹಾಗೆ ತೇಲಿತು. ಕಬುಟೆಗೆ ಕುಣಿಯುವಷ್ಟು ಖುಷಿಯಾಯಿತು.

"ಒಳ್ಳೇ ನೀರು," ಎಂದ ಸಾಕಿಟೆ. "ಬೆಳಗ್ಗೆ ಈ ದಾರೀಲಿ ಹೋಗ್ತಾನೇ ಬಿಟ್ಟು ನೋಡಿದ್ದೆ. ಆಗ್ಲೂ ತೇಲಿತ್ತು. ಎಲ್ಲಿ, ಆ ಮೂರು ಮೂಟೆ ತೆಗಿ, ಹೊರಡೋಣ."

ಕಬುಟೆ ಪಾತಿಯ ಕಡೆ ಕೈ ತೋರಿಸಿದ. "ಅದ್ರಲ್ಲೇ ಇದೆ, ಮಾವ."

ಸಾಕಿಟೆ ನೀರಿಗೆ ಬೆರಳದ್ದಿ ಕೊಡವಿದ. "ನೀರಿಂದ ಉಪ್ಪು ತೆಗೆಯೋರನ್ನ ಹುಟ್ಟಿದಾಗಿಂದ ನೋಡಿದೀನಿ. ಉಪ್ಪನ್ನ ನೀರು ಮಾಡೋನ್ನ ಇವತ್ತೇ ನೋಡಿದ್ದು."

ಆಗಲೇ ಮಾಕು ಏದುಸಿರು ಬಿಡುತ್ತ ಬಂದಳು. ಕೋಳಿ ಬೇರೆಲ್ಲೂ ಮೊಟ್ಟೆ ಇಡದಿರಲೆಂದು ಗೂಡಿನಲ್ಲಿ ಮೊಟ್ಟೆಯಂಥ ಒಂದು ಬಿಳಿ ಕಲ್ಲಿಟ್ಟಿದ್ದಳಂತೆ. ಅದನ್ನು ಯಾರೋ ಹೊಟ್ಟೆಬಾಕರು ಕದ್ದಿದ್ದಾರೆ, ಕೋಳಿ ಬೆಳಗಿನಿಂದ ಊರೆಲ್ಲ ಅಲೆಯುತ್ತಿದೆ ಎಂದು ಗೋಳಾಡಿದಳು. ಎಲ್ಲರ ಕಣ್ಣೂ ಪಾತಿಯ ತಳಕ್ಕೆ ಹೋಯಿತು.

ಸಾಕಿಟೆ ಕೆಟ್ಟವನಲ್ಲ. "ಹತ್ತು ದಿನ ಬಿಸಿಲು ಬೀಳ್ಲಿ, ನಿನ್ನ ಉಪ್ಪು ವಾಪಸ್ ಬರುತ್ತೆ. ಆಮೇಲೆ ಬಾ" ಎಂದ. ಅವನ ಬೋಳುತಲೆಯ ಮೇಲೆ ಮೊದಲ ಹನಿ ಬಿದ್ದದ್ದು ಆಗಲೇ. ತನ್ನ ಮೊಟ್ಟೆ ಎತ್ತಿಕೊಂಡು ಸರಸರನೆ ಹೊರಟುಹೋದ.

ಮಳೆ ಹಿಡಿದುಕೊಂಡಿತು. ತಳದಲ್ಲಿ ಉಳಿದಿದ್ದ ಉಪ್ಪೂ ಕರಗಿ, ಪಾತಿ ತುಂಬಿ ಹಿನ್ನೀರಿಗೆ ಹರಿಯತೊಡಗಿತು. ಕಬುಟೆ ಮೊಣಕಾಲುದ್ದ ನೀರಿಗಿಳಿದು ಕಲ್ಲನ್ನು ತಡಕಿ ತೆಗೆದು ಮಾಕುವಿನ ಕೈಗಿಟ್ಟ. ಅದೊಂದು ಮಾತ್ರ ಕರಗಿರಲಿಲ್ಲ.